‘ಇವತ್ತು ಸ್ಕೂಲು ಅದಾ ಅಣ್ಣ?’: ಮಳೆ ರಜೆ ನಮ್ಮೂರಿಗೆ ಬಂದು ಮುಟ್ಟುವ ಕತೆ

2024ರ ಡಿಸೆಂಬರ್ 2, ಸೋಮವಾರ. ಮೈಸೂರಿನ ಸುತ್ತಮುತ್ತ ಬಿಡದೆ ಸೋನೆ ಮಳೆ, ಜೊತೆಗೆ ಮೈ ಕೊರೆಯುವ ಚಳಿ. ಫೆಂಗಲ್ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಮುಟ್ಟಿ, ಬಲ ಕಳೆದುಕೊಳ್ಳುತ್ತಾ ನಮ್ಮ ಕಡೆ ಸರಿದಿತ್ತು. ಮೈಸೂರು ಜಿಲ್ಲೆಯ ಶಾಲೆಗಳಿಗೆ ಅವತ್ತು ರಜೆ ಕೊಟ್ಟಿದ್ದರು.

ಕೊಯ್ದ ರಾಗಿ ಹೊಲದಲ್ಲೇ ನೆನೆಯುತ್ತಿದೆ ಅಂತ ರೈತರೊಬ್ಬರು ಫೋನ್ ಮಾಡಿದ್ದರು. ಸುದ್ದಿ ಮಾಡೋಣ ಅಂತ ಬೈಕಿನಲ್ಲಿ ಹೊರಟಿದ್ದೆ. ದಾರಿಯ ಒಂದು ಬಸ್ ಸ್ಟಾಪಿನಲ್ಲಿ ಯೂನಿಫಾರಂ ಮೇಲೆ ಸ್ವೆಟರ್ ಹಾಕಿಕೊಂಡು, ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹೊದ್ದ ಹುಡುಗಿಯೊಬ್ಬಳು ನಿಂತಿದ್ದಳು. ಆರೋ ಏಳೋ ಕ್ಲಾಸಿರಬೇಕು. ನಾನೂ ಮಳೆಗೆ ನಿಂತೆ. ಅವಳೇ ಕೇಳಿದಳು:

‘ಅಣ್ಣ, ಇವತ್ತು ಸ್ಕೂಲು ಅದಾ?’

‘ಇಲ್ಲವ್ವ, ರಜೆ ಕೊಟ್ಟವ್ರೆ. ನಿಮ್ಮನೇಲಿ ಯಾರೂ ಹೇಳ್ನಿಲ್ವಾ?’

‘ಅಪ್ಪನ ಫೋನಿಗೆ ಕರೆನ್ಸಿ ಇಲ್ಲ.’

ನನ್ನ ಮೊಬೈಲಿನಲ್ಲಿ ಅದೇ ರಜೆಯ ಸುದ್ದಿ ಎಂಟು ಗ್ರೂಪುಗಳಲ್ಲಿ ಬಂದು ಬಿದ್ದಿತ್ತು. ಮಳೆಯಲ್ಲಿ ನಿಂತಿದ್ದ ಆ ಮಗುವಿಗೆ ಮಾತ್ರ ಮುಟ್ಟಿರಲಿಲ್ಲ. ರಜೆ ಕೊಟ್ಟಿದ್ದೇ ಆ ಮಗು ಮಳೆಯಲ್ಲಿ ನಿಲ್ಲಬಾರದು ಅಂತ ತಾನೆ?

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಮಳೆ–ಚಳಿಗೆ ಶಾಲೆ ಮುಚ್ಚಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ಮೊದಲು ಯಾರು ಮಾಡುತ್ತಿದ್ದರು? ಆ ಸುದ್ದಿ ಹಳ್ಳಿಗೆ ಹೇಗೆ ಬರುತ್ತಿತ್ತು, ಈಗ ಹೇಗೆ ಬರುತ್ತಿದೆ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಬನ್ನಿ.

ಹಳ್ಳ ನೋಡುತ್ತಿದ್ದ ಮೇಷ್ಟ್ರು

ಮೈಸೂರು ಸಂಸ್ಥಾನದಲ್ಲಿ ಹಳ್ಳಿಗಳ ಕಡೆ ಸರ್ಕಾರಿ ಶಾಲೆ ಹರಡಲು ಶುರುವಾಗಿದ್ದು 1868ರ ಹೋಬಳಿ ಶಾಲೆಗಳ ಯೋಜನೆಯಿಂದ. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಆಗ ಶಿಕ್ಷಣ ಇಲಾಖೆಯಲ್ಲಿದ್ದರು. ಆ ಯೋಜನೆ ಅವರದ್ದು. ಹೋಬಳಿಗೊಂದು ಶಾಲೆ ಅನ್ನುವುದು ಅದರ ಉದ್ದೇಶ. 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನೂ ಬಂತು. ಆಗ ಹಳ್ಳಿ ಶಾಲೆ ಅಂದರೆ ಹೆಚ್ಚಾಗಿ ಒಂದು ಕೋಣೆ, ಒಬ್ಬರು ಮೇಷ್ಟ್ರು. ಬಹಳ ಕಡೆ ಗುಡಿಯ ಜಗಲಿಯೋ ಚಾವಡಿಯೋ ಶಾಲೆಯಾಗಿತ್ತು.

ಅಂಥ ಶಾಲೆಗೆ ಜೋರು ಮಳೆ ಬಂದರೆ ಮೈಸೂರಿನಿಂದ ಆದೇಶ ತರಿಸುವ ದಾರಿಯೇ ಇರಲಿಲ್ಲ. ಟಪಾಲು ಬರುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿರುತ್ತಿತ್ತು. ಹಾಗಾಗಿ ಮಳೆಗೆ ಶಾಲೆ ಬಿಡುವ ತೀರ್ಮಾನ ಮೇಷ್ಟ್ರ ಕೈಯಲ್ಲೇ ಇರಬೇಕಾಗಿತ್ತು. ಲಿಖಿತ ಆದೇಶ ಏನಿದ್ದರೂ ವರ್ಷದ ರಜೆ ಪಟ್ಟಿಗೆ. ಒಂದು ಮಾತು ನೆನಪಿಡಿ: ಆ ಪಟ್ಟಿಯಲ್ಲಿ ಇವತ್ತಿಗೂ ಅತಿ ದೊಡ್ಡ ರಜೆ ಹವೆಗೆ ಕೊಟ್ಟ ರಜೆಯೇ. ಏಪ್ರಿಲ್–ಮೇ ಬೇಸಿಗೆ ರಜೆ ಇರುವುದು ಬಿಸಿಲಿಗಾಗಿ. ಮುಂಗಾರು ಕಾಲಿಡುವ ಹೊತ್ತಿಗೆ ಸರಿಯಾಗಿ ಶಾಲೆ ಬಾಗಿಲು ತೆರೆಯುತ್ತದೆ. ಮಕ್ಕಳು ಹೊಸ ಪುಸ್ತಕ ಹಿಡಿದು ಹೊರಡುವುದೇ ಮಳೆಯ ತಿಂಗಳಲ್ಲಿ.

ನಾನು ಪ್ರೈಮರಿ ಓದುವಾಗಲೂ, ಅಂದರೆ 1990ರ ದಶಕದ ಕೊನೆಯಲ್ಲೂ, ಪರಿಸ್ಥಿತಿ ಬಹಳ ಬದಲಾಗಿರಲಿಲ್ಲ. ನಮ್ಮ ಶಾಲೆಗೂ ಪಕ್ಕದ ಊರಿಗೂ ನಡುವೆ ಒಂದು ಹಳ್ಳ. ಮೋಡ ಕಟ್ಟಿದರೆ ನಮ್ಮ ಮೇಷ್ಟ್ರು ಪಾಠ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮೇಲಿನ ಕೆರೆ ಕೋಡಿ ಬಿದ್ದಿದೆಯಾ ಅಂತ ದನ ಕಾಯುವವರನ್ನು ಕೂಗಿ ಕೇಳುತ್ತಿದ್ದರು. ಆಮೇಲೆ, ‘ಹಳ್ಳದಾಚೆ ಹುಡುಗರು ಬ್ಯಾಗ್ ಎತ್ಕಳಿ, ಈಗಲೇ ಹೊರಡಿ’ ಅನ್ನುತ್ತಿದ್ದರು. ನಾವು ಈಚೆಯವರು ಹೊಟ್ಟೆಕಿಚ್ಚಿನಿಂದ ಅವರನ್ನು ನೋಡುತ್ತಾ ಕೂರುತ್ತಿದ್ದೆವು. ಇಡೀ ಶಾಲೆಗೆ ರಜೆಯಾದರೆ ಉದ್ದಕ್ಕೆ ಗಂಟೆ ಹೊಡೆಸುತ್ತಿದ್ದರು. ಹೊಲದಲ್ಲಿದ್ದ ಅಪ್ಪ–ಅವ್ವಂದಿರಿಗೆ ಅದೇ ಸುದ್ದಿ.

ಇದರಲ್ಲಿ ತೊಂದರೆಯೂ ಇತ್ತು. ಮೇಷ್ಟ್ರು ಬೇರೆ ಊರಿನವರಾಗಿ, ಬಸ್ ಸಿಗದೆ ಅವರೇ ಬರದಿದ್ದರೆ ಅವತ್ತು ಅಘೋಷಿತ ರಜೆ. ಮಕ್ಕಳು ಬಂದು, ಬೀಗ ನೋಡಿ, ನೆಂದುಕೊಂಡು ವಾಪಸು. ‘ಹಳೇ ಕಾಲವೇ ಚೆಂದ’ ಅಂತ ನಾನು ಹೇಳುತ್ತಿಲ್ಲ. ಆದರೆ ತೀರ್ಮಾನ ಮಾಡುವವರ ಕಣ್ಣಿಗೆ ಹಳ್ಳ ಕಾಣುತ್ತಿತ್ತು, ಅಷ್ಟೇ.

ಮಳೆ ಅಳೆದರು, ಸುದ್ದಿ ಹಾರಿಸಿದರು

ಮೈಸೂರು ಸಂಸ್ಥಾನ ಹವಾಮಾನದ ಲೆಕ್ಕ ಇಡುವುದರಲ್ಲಿ ಹಿಂದೆ ಬಿದ್ದಿರಲಿಲ್ಲ. 1890ರ ದಶಕದಲ್ಲೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾ ವೀಕ್ಷಣಾಲಯ ನಡೆಸುತ್ತಿತ್ತು. ಆದರೆ ಆ ಅಳತೆ ಎಷ್ಟು ಮಳೆ ಬಿತ್ತು ಅಂತ ಹೇಳುವುದಕ್ಕಿತ್ತೇ ಹೊರತು ನಾಳೆ ಎಷ್ಟು ಬೀಳುತ್ತದೆ ಅಂತ ಹಳ್ಳಿ ಶಾಲೆಗೆ ತಿಳಿಸುವುದಕ್ಕಲ್ಲ. ಹಳ್ಳಿಯಲ್ಲಿ ಸಾರುವ ಸಾಧನ ಅಂದರೆ ಡಂಗುರ. ತಮಟೆ ಬಡಿದು ಕಂದಾಯದ ವಿಷಯ, ಜಾತ್ರೆಯ ವಿಷಯ ಸಾರುತ್ತಿದ್ದರು.

ಆಮೇಲೆ ರೇಡಿಯೊ ಬಂತು. ಅದರಲ್ಲಿ ನಮ್ಮ ಮೈಸೂರಿಗೆ ದೊಡ್ಡ ಪಾಲಿದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರಸಾರ ಯಂತ್ರ ಇಟ್ಟು ರೇಡಿಯೊ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅಂತ ಹೆಸರಾಗಿದ್ದು ಆ ಕೇಂದ್ರಕ್ಕೇ. ಮುಂದೆ ಇಡೀ ದೇಶದ ಸರ್ಕಾರಿ ರೇಡಿಯೊಗೆ ಅದೇ ಹೆಸರು ಬಂತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಬಹಳ ವರ್ಷದ ಮೇಲೆ ಮೈಸೂರಿಗೆ ಮತ್ತೆ ತನ್ನದೇ ಕೇಂದ್ರ ಸಿಕ್ಕಿತು. ಪಂಚಾಯಿತಿ ಕಟ್ಟೆಯಲ್ಲಿ ರೇಡಿಯೊ ಹಾಕಿ ಊರೆಲ್ಲ ಕೂತು ಕೇಳುತ್ತಿದ್ದ ಕಾಲವನ್ನು ನಿಮ್ಮ ಮನೆಯ ಹಿರಿಯರು ಹೇಳಿಯಾರು. ಬೆಳಗಿನ ಪ್ರದೇಶ ಸಮಾಚಾರದಲ್ಲಿ ‘ಭಾರಿ ಮಳೆ, ಶಾಲೆಗಳಿಗೆ ರಜೆ’ ಅಂತ ಬಂದರೆ ಅದನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಪತ್ರಿಕೆಗಳಲ್ಲಿ ಮೈಸೂರಿನವರಿಗೆ ‘ಆಂದೋಲನ’, ‘ಮೈಸೂರು ಮಿತ್ರ’ ಮನೆಮಾತು. ಆದರೆ ಪತ್ರಿಕೆಗೆ ಒಂದು ಮಿತಿ ಇದೆ. ರಾತ್ರಿ ಪುಟ ಮುಗಿಸಿ ಅಚ್ಚಿಗೆ ಹೋದ ಮೇಲೆ ತೀರ್ಮಾನವಾದರೆ ಅದು ಅಚ್ಚಾಗುವುದು ಮಾರನೇ ದಿನ. ‘ನಿನ್ನೆ ರಜೆ ಇತ್ತು’ ಅಂತ ಓದಿ ಏನು ಮಾಡುವುದು? ಆಮೇಲೆ ಬಂದ ಟಿ.ವಿ. ಪಟ್ಟಿ ಸುದ್ದಿ ಆ ಮಿತಿಯನ್ನು ಸ್ವಲ್ಪ ದಾಟಿತು. ಆದರೆ ಮಳೆ ಬಂದರೆ ಹಳ್ಳಿಯಲ್ಲಿ ಮೊದಲು ಹೋಗುವುದೇ ಕರೆಂಟು.

ಬಿಸಿಲಲ್ಲೂ ಬರುವ ಪ್ರವಾಹ

ತೀರ್ಮಾನ ಊರಿನ ಕೈಯಲ್ಲೇ ಇದ್ದರೆ ಸಾಕಲ್ಲ, ಜಿಲ್ಲಾಧಿಕಾರಿವರೆಗೆ ಯಾಕೆ ಹೋಗಬೇಕು? ಇದಕ್ಕೆ ನಂಜನಗೂಡಿನವರು ಚೆನ್ನಾಗಿ ಉತ್ತರ ಹೇಳಬಲ್ಲರು.

ಕಪಿಲೆ, ಅಂದರೆ ಕಬಿನಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆ ಇರುವುದು ಎಚ್.ಡಿ. ಕೋಟೆ ಕಡೆ. ವಯನಾಡಿನಲ್ಲಿ ಮಳೆ ಸುರಿದರೆ ಜಲಾಶಯಕ್ಕೆ ನೀರು ನುಗ್ಗುತ್ತದೆ, ಗೇಟು ತೆರೆಯುತ್ತಾರೆ, ನಂಜನಗೂಡಿನ ಸ್ನಾನಘಟ್ಟ ಮುಳುಗುತ್ತದೆ. ಅದೇ ಹೊತ್ತಿಗೆ ನಂಜನಗೂಡಿನ ಆಕಾಶ ತಿಳಿಯಾಗಿರಬಹುದು. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ 1 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಹತ್ತಿರ ರಸ್ತೆಗೇ ನೀರು ಬಂದು ಮೈಸೂರು–ನಂಜನಗೂಡು ಹೆದ್ದಾರಿ ಬಂದ್ ಆಯಿತು. ಅದರ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಪಕ್ಕದ ಕೊಡಗಿನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದವು. ಅಂಥ ಹೊತ್ತಲ್ಲಿ ಶಾಲೆ ಮುಚ್ಚುವುದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ: ಮನೆ ಬಿಟ್ಟು ಬಂದವರಿಗೆ ಶಾಲೆ ಕಟ್ಟಡವೇ ಪರಿಹಾರ ಕೇಂದ್ರವಾಗುತ್ತದೆ.

ಬಾಗಿಲಲ್ಲಿ ನಿಂತು ಮೋಡ ನೋಡುವ ಮೇಷ್ಟ್ರಿಗೆ ವಯನಾಡಿನ ಮಳೆ ಕಾಣುವುದಿಲ್ಲ. ಅಣೆಕಟ್ಟೆಯವರ ಜೊತೆ, ಹವಾಮಾನ ಇಲಾಖೆಯ ಜೊತೆ ಮಾತಾಡುವ ಒಂದು ಜಾಗ ಮೇಲೆ ಬೇಕೇ ಬೇಕು.

2004ರ ಸುನಾಮಿ ಆದ ಮೇಲೆ ಕೇಂದ್ರ ಸರ್ಕಾರ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ತಂದಿತು. ಅದರಂತೆ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಮಳೆ ರಜೆಯ ಆದೇಶಗಳಲ್ಲಿ ಈ ಕಾಯ್ದೆಯ ಹೆಸರು ಕಾಣುವುದು ಅದಕ್ಕೇ.

ಆದೇಶ ಇಳಿದು ಬರುವ ದಾರಿ

ಈಗ ನಡೆಯುವುದು ಹೀಗೆ. ಹವಾಮಾನ ಇಲಾಖೆ ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತದೆ. ಸರಳವಾಗಿ ಹೇಳಬೇಕೆಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆಯ ಸಾಧ್ಯತೆಗೆ ಹಳದಿ, 115.6ರಿಂದ 204.4ರವರೆಗೆ ಕಿತ್ತಳೆ, ಅದಕ್ಕೂ ಮೇಲೆ ಕೆಂಪು. ಇದರ ಜೊತೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರದಿ, ತಹಶೀಲ್ದಾರರ ವರದಿ, ಅಣೆಕಟ್ಟೆಯ ನೀರಿನ ಲೆಕ್ಕ ಇವೆಲ್ಲ ಜಿಲ್ಲಾಧಿಕಾರಿ ಮುಂದೆ ಬರುತ್ತವೆ. ಇಡೀ ಜಿಲ್ಲೆಗೆ ರಜೆಯೋ, ಕೆಲವು ತಾಲ್ಲೂಕಿಗೆ ಮಾತ್ರವೋ ಅಂತ ತೀರ್ಮಾನ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ವ್ಯತ್ಯಾಸ ಮುಖ್ಯ. ಕೊಡಗು–ವಯನಾಡಿಗೆ ಅಂಟಿಕೊಂಡ ಎಚ್.ಡಿ. ಕೋಟೆ, ಪಿರಿಯಾಪಟ್ಟಣದಲ್ಲಿ ಸುರಿಯುವ ದಿನ ಟಿ. ನರಸೀಪುರದಲ್ಲಿ ಬಟ್ಟೆ ಒಣಗಿರುತ್ತದೆ.

ಅಲ್ಲಿಂದ ಆದೇಶ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಅವರಿಂದ ಬಿಇಒಗೆ, ಬಿಇಒ ಕಡೆಯಿಂದ ಸಿಆರ್‌ಪಿಗೆ, ಅಲ್ಲಿಂದ ಹೆಡ್‌ಮಾಸ್ಟರಿಗೆ, ಅವರಿಂದ ಪೋಷಕರಿಗೆ. ಅಂಗನವಾಡಿಯದ್ದು ಬೇರೆ ಇಲಾಖೆ, ಬೇರೆ ಸಾಲು. ಎಲ್ಲೋ ಒಂದು ಕೊಂಡಿ ಫೋನ್ ಎತ್ತದಿದ್ದರೆ ಕೆಳಗಿನವರಿಗೆ ಸುದ್ದಿ ಇಲ್ಲ.

ರಜೆ ಕೊಡುವುದಕ್ಕೆ ಅಧಿಕಾರಿಗಳು ಹಿಂದೆ ಮುಂದೆ ನೋಡುವುದಕ್ಕೂ ಕಾರಣವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವರ್ಷಕ್ಕೆ 1ರಿಂದ 5ನೇ ತರಗತಿಗೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕು. ಮಳೆಗೆ ಹೋದ ದಿನವನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸಬೇಕು.

ಇನ್ನು ಹೊತ್ತಿನ ಲೆಕ್ಕ. ಸರ್ಕಾರಿ ಶಾಲೆ ಶುರುವಾಗುವುದು ಹತ್ತು ಗಂಟೆ ಸುಮಾರಿಗೆ. ಆದರೆ ಖಾಸಗಿ ಶಾಲೆಯ ವ್ಯಾನು ಏಳೂವರೆಗೇ ಹಳ್ಳಿಗೆ ಬಂದಿರುತ್ತದೆ. ಹೈಸ್ಕೂಲಿಗೆ, ಪಿಯುಗೆ ಪಟ್ಟಣಕ್ಕೆ ಹೋಗುವ ಮಕ್ಕಳು ಮೊದಲ ಬಸ್ಸಿಗೇ ಹೊರಡಬೇಕು, ಅದು ಬಿಟ್ಟರೆ ಇನ್ನೊಂದಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದ ಆದೇಶ ಇವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತದೆ. 2022ರ ಆಗಸ್ಟ್‌ನಲ್ಲಿ ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ರಜೆ ಘೋಷಣೆಯಾಗಿ, ಅಷ್ಟರಲ್ಲಿ ಬಹಳ ಮಕ್ಕಳು ಶಾಲೆ ಮುಟ್ಟಿ ದೊಡ್ಡ ಗಲಾಟೆಯೇ ಆಯಿತು. ಆಗಲೇ ಶುರುವಾದ ಶಾಲೆ ಮುಚ್ಚಬೇಕಿಲ್ಲ ಅಂತ ಮತ್ತೆ ಹೇಳಬೇಕಾಯಿತು.

ನಾನು ಮಾಡಿದ ತಪ್ಪು

2020ರ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಪಾಠ, ಪ್ರಶ್ನೆ, ಹಾಜರಿ ಎಲ್ಲಕ್ಕೂ ವಾಟ್ಸ್‌ಆ್ಯಪ್ ಗ್ರೂಪು ಆಸರೆಯಾಯಿತು. ಕೊರೊನಾ ಹೋಯಿತು, ಗ್ರೂಪು ಉಳಿಯಿತು. ಈಗ ಮಳೆ ರಜೆಯೂ ಅದರಲ್ಲೇ. ಡಂಗುರ ದಿನಗಟ್ಟಲೆ ತೆಗೆದುಕೊಳ್ಳುತ್ತಿದ್ದ ದಾರಿಯನ್ನು ಒಂದು ಪಿಡಿಎಫ್ ನಿಮಿಷದಲ್ಲಿ ದಾಟುತ್ತದೆ. ಆದರೆ ಡಂಗುರದವನ ಮುಖ ಊರಿಗೆ ಗೊತ್ತಿತ್ತು. ಪಿಡಿಎಫ್ ಯಾರು ಕಳಿಸಿದ್ದು ಅಂತ ಗೊತ್ತಾಗುವುದಿಲ್ಲ. ಕರಾವಳಿ ಜಿಲ್ಲೆಗಳಲ್ಲಿ ನಕಲಿ ರಜೆ ಆದೇಶ ಹರಿದಾಡಿ, ‘ರಜೆ ಕೊಟ್ಟಿಲ್ಲ’ ಅಂತ ಅಧಿಕಾರಿಗಳು ಸ್ಪಷ್ಟನೆ ಕೊಟ್ಟಿದ್ದೂ ಆಗಿದೆ.

ಇದನ್ನು ಬೇರೆಯವರ ಮೇಲೆ ಹೇಳಿ ನಾನು ತಪ್ಪಿಸಿಕೊಳ್ಳಬಾರದು. ಕೆಲವು ವರ್ಷದ ಹಿಂದೆ ಒಂದು ಮಳೆಗಾಲದ ಬೆಳಿಗ್ಗೆ ಯಾರೋ ಕಳಿಸಿದ ಆದೇಶವನ್ನು ನಾನೂ ನಮ್ಮೂರ ಗ್ರೂಪಿಗೆ ಹಾಕಿದೆ. ಸಹಿ ಇತ್ತು, ಸೀಲು ಇತ್ತು. ದಿನಾಂಕವೂ ಸರಿ ಇತ್ತು, ಇಸವಿ ಮಾತ್ರ ಹಿಂದಿನ ವರ್ಷದ್ದು. ಹತ್ತು ನಿಮಿಷದಲ್ಲಿ ಗೊತ್ತಾಗಿ ಅಳಿಸಿದೆ. ಅಷ್ಟರಲ್ಲಿ ಅದು ಇನ್ನೆಷ್ಟೋ ಗ್ರೂಪಿಗೆ ಹೋಗಿತ್ತು. ಅವತ್ತು ಮಗುವನ್ನು ಒಂಟಿಯಾಗಿ ಬಿಡಲಾಗದೆ ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ಒಬ್ಬ ತಾಯಿ ಸಂಜೆ ಸಿಕ್ಕಾಗ, ‘ಪೇಪರಿನವ್ರು ನೀವೇ ಹಾಕಿದ್ರಲ್ಲಪ್ಪ, ನಂಬಿದೋ’ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಬಿಇಒ ಕಚೇರಿಗೋ ಹೆಡ್‌ಮಾಸ್ಟರಿಗೋ ಒಂದು ಫೋನ್ ಮಾಡದೆ ರಜೆ ಸುದ್ದಿ ಹಾಕುವುದಿಲ್ಲ.

ಹಿಮ ಬೀಳುವ ಊರಿನಲ್ಲಿ

ಅಮೆರಿಕದ ಉತ್ತರ ರಾಜ್ಯಗಳಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಚಳಿಗಾಲದಲ್ಲಿ ಇದೇ ಗೋಳು, ಮಳೆ ಬದಲು ಹಿಮ. ಅಲ್ಲಿ ತೀರ್ಮಾನ ಮಾಡುವುದು ಜಿಲ್ಲಾಧಿಕಾರಿಯಲ್ಲ, ಆ ಊರಿನ ಶಾಲಾ ಆಡಳಿತದ ಮುಖ್ಯಸ್ಥರು. ಎಷ್ಟೋ ಕಡೆ ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಸ್ಕೂಲ್ ಬಸ್ ಹೋಗುವ ರಸ್ತೆಯಲ್ಲಿ ಕಾರು ಓಡಿಸಿ ನೋಡಿ, ಐದು–ಐದೂವರೆಗೆ ಹೇಳಿಬಿಡುತ್ತಾರೆ. ಮನೆಮನೆಗೆ ರೆಕಾರ್ಡ್ ಮಾಡಿದ ಫೋನ್ ಕರೆ, ಮೆಸೇಜು, ರೇಡಿಯೊ, ಟಿ.ವಿ. ಎಲ್ಲದರಲ್ಲೂ ಒಂದೇ ಸುದ್ದಿ. ಪೂರ್ತಿ ರಜೆ ಬೇಡ ಅನ್ನಿಸಿದರೆ ‘ಎರಡು ಗಂಟೆ ತಡವಾಗಿ ಶುರು’ ಅನ್ನುವ ನಡುವಿನ ದಾರಿಯೂ ಉಂಟು. ಇಂಥ ದಿನಗಳಿಗೆ ಅಂತಲೇ ಕೆಲವು ದಿನವನ್ನು ವರ್ಷದ ಲೆಕ್ಕದಲ್ಲಿ ಮೊದಲೇ ಎತ್ತಿಟ್ಟಿರುತ್ತಾರೆ. ನಮ್ಮ ದೇಶದ ಉತ್ತರ ಪ್ರದೇಶದಂಥ ಕಡೆ ಶೀತಗಾಳಿ ಬೀಸಿದರೆ ಜಿಲ್ಲಾಧಿಕಾರಿ ರಜೆ ಕೊಡುವುದೂ, ಶಾಲೆಯ ಹೊತ್ತು ಮುಂದಕ್ಕೆ ಹಾಕುವುದೂ ನಡೆಯುತ್ತದೆ. ಕೇರಳದಲ್ಲಂತೂ 2025ರಲ್ಲಿ ಶಿಕ್ಷಣ ಸಚಿವರೇ, ಬೇಸಿಗೆ ರಜೆಯನ್ನು ಮಳೆಯ ಜೂನ್–ಜುಲೈಗೆ ಬದಲಾಯಿಸಬಹುದಾ ಅಂತ ಜನರ ಅಭಿಪ್ರಾಯ ಕೇಳಿದರು.

ಅಮೆರಿಕದಷ್ಟು ದುಡ್ಡು ನಮ್ಮಲ್ಲಿ ಇಲ್ಲ, ಸರಿ. ಆದರೆ ರಸ್ತೆ ನೋಡಿ ಹೇಳುವುದು, ಇಂಥ ಹೊತ್ತಿನೊಳಗೆ ಹೇಳುವುದು, ಎಲ್ಲರಿಗೂ ಮುಟ್ಟುವ ಹಾಗೆ ಹೇಳುವುದು, ಈ ಮೂರಕ್ಕೆ ದುಡ್ಡಿಗಿಂತ ಕ್ರಮ ಬೇಕು. ನಮ್ಮ ಮೇಷ್ಟ್ರು ಹಳ್ಳ ನೋಡಿ ಮಕ್ಕಳನ್ನು ಕಳಿಸುತ್ತಿದ್ದದ್ದೂ ಅದೇ ಕ್ರಮ ತಾನೆ?

ನಮ್ಮೂರಲ್ಲಿ ಏನು ಮಾಡಬಹುದು?

ನೂರೈವತ್ತು ವರ್ಷದಲ್ಲಿ ಸುದ್ದಿಯ ವೇಗ ಹೆಚ್ಚಿದೆ, ತೀರ್ಮಾನ ಊರಿನಿಂದ ದೂರ ಹೋಗಿದೆ. ವಯನಾಡಿನ ಮಳೆ ಕಾಣುವ ಕಣ್ಣು ಮೈಸೂರಿನಲ್ಲಿರಲಿ. ಹಳ್ಳ ಕಾಣುವ ಕಣ್ಣು ಊರಲ್ಲೇ ಇರಬೇಕು. ಈ ಎರಡನೆಯದಕ್ಕೆ ನಮ್ಮಲ್ಲಿ ಆಗಲೇ ಒಂದು ವ್ಯವಸ್ಥೆ ಇದೆ: 2001ರಲ್ಲಿ ಕರ್ನಾಟಕದಲ್ಲಿ ಶುರುವಾದ ಎಸ್‌ಡಿಎಂಸಿ. ಪೋಷಕರೇ ಇರುವ ಸಮಿತಿ ಅದು. ಮಳೆಗಾಲಕ್ಕೆ ಮೊದಲು ಒಂದು ಸಭೆ ಸೇರಿ ಇಷ್ಟು ಮಾಡಿಕೊಳ್ಳಬಹುದು:

ಯಾವ ಮಕ್ಕಳು ಹಳ್ಳ, ತೂಬು, ಕಾಡು ದಾಟಿ ಬರುತ್ತಾರೆ ಅಂತ ಹೆಸರು ಬರೆದಿಟ್ಟುಕೊಳ್ಳಿ. ನೀರು ಬಂದರೆ ಹೆಡ್‌ಮಾಸ್ಟರಿಗೆ ಮೊದಲು ಫೋನ್ ಮಾಡುವವರು ಯಾರು ಅಂತ ಗೊತ್ತು ಮಾಡಿ. ಅವರು ಬಿಇಒಗೆ ತಿಳಿಸಲಿ.

ಸ್ಮಾರ್ಟ್‌ಫೋನ್ ಇಲ್ಲದ, ಕರೆನ್ಸಿ ಇಲ್ಲದ ಮನೆಗಳ ಪಟ್ಟಿ ಮಾಡಿ. ಹತ್ತು ಮನೆಗೆ ಒಬ್ಬರು ಹೋಗಿ ಬಾಗಿಲಲ್ಲಿ ಹೇಳಲಿ. ಗುಡಿಯ, ಮಸೀದಿಯ, ಚರ್ಚಿನ ಮೈಕು ಇದ್ದೇ ಇದೆ. ಪಂಚಾಯಿತಿಯ ಕಸದ ಗಾಡಿಯಲ್ಲೂ ಸ್ಪೀಕರ್ ಇರುತ್ತದೆ.

ಆದೇಶ ಮೊಬೈಲಿಗೆ ಬಂದರೆ ನಾಲ್ಕು ನೋಡಿ: ಇಸವಿ ಸಮೇತ ದಿನಾಂಕ, ಜಿಲ್ಲೆಯ ಹೆಸರು, ನಿಮ್ಮ ತಾಲ್ಲೂಕು ಇದೆಯಾ, ಎಷ್ಟನೇ ಕ್ಲಾಸಿನವರೆಗೆ. ಅನುಮಾನ ಬಂದರೆ ಮುಂದಕ್ಕೆ ಕಳಿಸಬೇಡಿ, ಹೆಡ್‌ಮಾಸ್ಟರಿಗೆ ಫೋನ್ ಮಾಡಿ.

ರಜೆ ಅಂದರೆ ಮಗು ಸುರಕ್ಷಿತ ಅಂತಲೂ ಅಲ್ಲ. ದೊಡ್ಡವರು ಕೆಲಸಕ್ಕೆ ಹೋದರೆ ಮಕ್ಕಳು ತುಂಬಿದ ಕೆರೆ ನೋಡಲು ಹೋಗುತ್ತಾರೆ. ಅವತ್ತು ಯಾರ ಮನೆಯಲ್ಲಿ ಯಾರು ಇರುತ್ತಾರೆ ಅನ್ನುವುದನ್ನೂ ಅಕ್ಕಪಕ್ಕದವರು ಮಾತಾಡಿಕೊಳ್ಳಿ.

ಅಧಿಕಾರಿಗಳಿಗೆ ನಮ್ಮ ಕಡೆಯಿಂದ ಒಂದೇ ಮನವಿ. ಎಚ್ಚರಿಕೆ ಹಿಂದಿನ ದಿನವೇ ಬಂದಿದ್ದರೆ ತೀರ್ಮಾನವೂ ಹಿಂದಿನ ಸಂಜೆಯೇ ಬರಲಿ. ರಾತ್ರಿ ಊಟದ ಹೊತ್ತಿಗೆ ಗೊತ್ತಾದರೆ ಕೂಲಿಗೆ ಹೋಗುವ ತಾಯಿ ಏನಾದರೊಂದು ದಾರಿ ಮಾಡಿಕೊಳ್ಳುತ್ತಾಳೆ.

ಆ ಹುಡುಗಿಯ ಮಾತು ಮುಗಿಸಿಬಿಡುತ್ತೇನೆ. ರಜೆ ಅಂದ ಕೂಡಲೇ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಇವತ್ತು ಊಟನೂ ಇಲ್ವಾ?’ ಅಂದಳು. ಬಿಸಿಯೂಟದ ಮಾತು. ಅವ್ವ–ಅಪ್ಪ ನೆಂದ ರಾಗಿ ಎತ್ತಿಹಾಕಲು ಬೆಳಿಗ್ಗೆಯೇ ಹೋಗಿದ್ದಾರಂತೆ, ಮನೆಯಲ್ಲಿ ಒಲೆ ಹಚ್ಚುವುದು ಸಂಜೆಯೇ ಅಂತೆ. ನನ್ನ ಹತ್ತಿರ ಒಂದು ಬಿಸ್ಕೆಟ್ ಪ್ಯಾಕು ಇತ್ತು, ಕೊಟ್ಟೆ. ಬ್ಯಾಗಿನೊಳಗೆ ಇಟ್ಟುಕೊಂಡು, ‘ತಮ್ಮನಿಗೂ ಆಯ್ತದೆ’ ಅಂದು ಕೊಪ್ಪೆ ಸರಿಮಾಡಿಕೊಂಡು ಊರ ಕಡೆ ತಿರುಗಿದಳು.

ಮುಂದಿನ ಮಳೆಗೆ ಮೊದಲು ನಿಮ್ಮೂರ ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ಎತ್ತಿ. ಏನು ತೀರ್ಮಾನ ಆಯಿತು ಅಂತ ನಮಗೂ ತಿಳಿಸಿ.